ಹನ್ನೆರಡು ವೋಲ್ಟಿನ ಮೇಡಂ

"ಈ ಗ್ವಾಡೆಗೆ ಡಿಗ್ರಿ ಪಟ ತಗಲಾಕೋ ಮೊಳೆನ ಇನ್ನೂ ಯಾವ ಕಮ್ಮಾರನೂ ಬಡ್ದಿಲ್ಲ ಕಣಮ್ಮಿ."

ಹಾಗೆಂದವರು ನಮ್ಮ ದೊಡ್ಡಪ್ಪ. ತಿ. ನರಸೀಪುರದ ಒಂದು ಅಕ್ಕಿ ಗಿರಣಿಯ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ತಲಕಾಡಿನ ಕಡೆಯ ನಮ್ಮ ಹಳ್ಳಿಯಲ್ಲಿ, ಅದರಲ್ಲೂ ನಮ್ಮ ಬೀದಿಯಲ್ಲಿ, ಗಾಡಿಯ ವಿಷಯಕ್ಕೆ ಅವರ ಮಾತೇ ಕೊನೆ. ಗಾಡಿ ರಿಪೇರಿಯಲ್ಲೇ ಒಂದು ಡಿಗ್ರಿ ಇದೆಯಂತೆ, ಸೇರುತ್ತೇನೆ ಎಂದು ನಾನು ಪಿಯುಸಿ ಮುಗಿಸಿ ಬಂದು ಹೇಳಿದಾಗ ಅವರು ಜಗುಲಿ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು. ಕಡ್ಡಿ ಬೆರಳು ಸುಡುವವರೆಗೂ ಆರಿಸುವುದನ್ನು ಮರೆತರು.

"ಗಾಡಿ ಕೆಲ್ಸಕ್ಕೆ ಡಿಗ್ರಿನಾ? ಅದೂ ಎಣ್ಮಗೀಗಾ? ಸ್ಪ್ಯಾನರ್ ಇಡಿಯಕ್ಕೆ ಕಾಲೇಜಾ?" ಎಂದು ನಕ್ಕರು. ಬೀದಿಯೂ ನಕ್ಕಿತು. ಆಮೇಲೆ ಬಂದದ್ದೇ ಆ ಮೊಳೆಯ ಮಾತು.

ಅಪ್ಪ ಬಾಯಿ ಬಿಡಲಿಲ್ಲ. ಅಣ್ಣನ ಎದುರು ಅವರು ಯಾವತ್ತೂ ಬಿಟ್ಟವರಲ್ಲ. ಅವ್ವ ಮಾತ್ರ ಒಳಗಿನಿಂದಲೇ, "ಒಂದ್ಸಲ ಬುಟ್ ನೋಡಿ ಬಾವ. ನಪಾಸಾದ್ರೆ ನೀವೇಳ್ದಂಗೇ ಗಾರ್ಮೆಂಟ್ಸ್ ಬಸ್ಸಿಗೆ ಅತ್ತುಸ್ತೀನಿ" ಎಂದಳು. ಅಲ್ಲಿಗೆ ಒಪ್ಪಂದವಾಯಿತು. ಯಾವ ಪರೀಕ್ಷೆಯಲ್ಲಿ ನಾನು ನಪಾಸಾದರೂ ಓದು ಅಲ್ಲಿಗೇ ನಿಲ್ಲಬೇಕು. ಬೆಳಿಗ್ಗೆ ಊರ ಗೇಟಿಗೆ ಬರುವ ಗಾರ್ಮೆಂಟ್ಸ್ ಬಸ್ಸಿನಲ್ಲಿ ನನಗೊಂದು ಸೀಟು.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ಕ್ಲಾಸು ದಾಟಿದವರಿಲ್ಲ. ಇವತ್ತು ನಾನು ಪದವೀಧರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ದುಡಿದು ತಗೊಂಡದ್ದು. ಆದರೆ ಬರೆಯುತ್ತಿರುವುದು ನನ್ನ ಬಗ್ಗೆ ಅಲ್ಲ, ನಮ್ಮ ಮೇಡಂ ಬಗ್ಗೆ.

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ನಂಜನಗೂಡಿನ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಹಳೆಯ ಕಾರಿನ ಸ್ಟೇರಿಂಗ್ ಕೆಳಗೆ ತಲೆ ತೂರಿಸಿಕೊಂಡಿದ್ದೆ. ಫೋನ್ ಇಟ್ಟು, ಕಣ್ಣು ಒರೆಸಿಕೊಂಡು, ಮೊದಲು ಆ ಕಾರಿನ ಕೆಲಸ ಮುಗಿಸಿದೆ. ಅರ್ಧಕ್ಕೆ ಬಿಟ್ಟು ಓಡಿದ್ದರೆ ಅವರಿಗೇ ಸಿಟ್ಟು ಬರುತ್ತಿತ್ತು. ಆಮೇಲೆ ನರಸೀಪುರದ ಬಸ್ಸು ಹತ್ತಿದೆ.

ಹೆಸರು ಬರೆಯುವುದಿಲ್ಲ. ತಾಂಡ್ಯದಲ್ಲಿ ನಾನು ಆ ಡಿಗ್ರಿ ಓದಿದ ತರಬೇತಿ ಕೇಂದ್ರಕ್ಕೆ ಅವರು ಬರೀ ಮೇಡಂ. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ, ಸೆರಗು ಸೊಂಟಕ್ಕೆ ಬಿಗಿದು ಪಿನ್ನು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ಗಾಡಿಗಳ ವೈರಿಂಗ್ ಕಲಿಸಲು ಯಾರೂ ಸಿಗಲಿಲ್ಲವೆಂದು ಅವರನ್ನು ಈ ವಿಭಾಗಕ್ಕೆ ಹಾಕಿದ್ದರಂತೆ, ಬಂದವರು ಮತ್ತೆ ಹೊರಡಲಿಲ್ಲ. ವಿಚಿತ್ರವೆಂದರೆ ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ದಿನಾ ನರಸೀಪುರದಿಂದ ಬಸ್ಸಿನಲ್ಲಿ ಬಂದು, ನಂಜನಗೂಡಿನಿಂದ ಆಟೋದಲ್ಲಿ ನಾಲ್ಕು ಜನರ ನಡುವೆ ಸಿಕ್ಕಿಕೊಂಡು ತಾಂಡ್ಯ ಸೇರುತ್ತಿದ್ದರು. ಹುಡುಗರು ಕಿಚಾಯಿಸಿದರೆ, "ಡಾಕ್ಟ್ರು ನಿನ್ನ ಕಾಲಲ್ಲಿ ನಡೀತಾರೇನೋ? ನಿನ್ನ ಕಾಲು ನೋಡ್ತಾರೆ ಅಷ್ಟೆ" ಎನ್ನುತ್ತಿದ್ದರು.

ನಾಲಿಗೆ ಮಾತ್ರ ಅರದಂತೆ. ಯಾರನ್ನೂ ಹೊಗಳಿದವರಲ್ಲ. ನಮ್ಮಲ್ಲಿ ಒಬ್ಬಳು ಒಂದು ದಿನ ಧೈರ್ಯ ಮಾಡಿ, "ಮೇಡಂ, ಚೆನ್ನಾಗಿ ಮಾಡಿದೀನಾ?" ಎಂದು ಕೇಳಿಯೇಬಿಟ್ಟಳು. "ಹೊಗೆ ಬಂತಾ?" ಎಂದರು. "ಇಲ್ಲ ಮೇಡಂ." "ಹಾಗಾದ್ರೆ ಮುಂದಿನ ಕೆಲಸ ನೋಡು."

ಅವರ ಜಾತಿ ಯಾವುದೆಂದು ಪತ್ತೆ ಮಾಡಲು ನಮ್ಮ ತರಗತಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಊಟದ ಡಬ್ಬಿ ನೋಡಿದರು, ಹಣೆ ನೋಡಿದರು, ನರಸೀಪುರದಲ್ಲಿ ಮನೆ ಯಾವ ಬೀದಿ ಎಂದು ವಿಚಾರಿಸಿದರು. ಏನೂ ಹತ್ತಲಿಲ್ಲ. ಕೊನೆಗೆ ಒಬ್ಬ ನೇರವಾಗಿ ಕೇಳಿದ. ಮೇಡಂ ಕನ್ನಡಕದ ಮೇಲಿಂದ ಅವನನ್ನು ನೋಡಿ, "ನಂದು ಹನ್ನೆರಡು ವೋಲ್ಟು ಕಣಪ್ಪ. ನಿಂದೆಷ್ಟು?" ಎಂದರು. ಅವತ್ತಿನಿಂದ ಬೆನ್ನ ಹಿಂದೆ ಅವರ ಹೆಸರು ಹನ್ನೆರಡು ವೋಲ್ಟು.

ನನ್ನನ್ನು ಒಮ್ಮೆ ಇಡೀ ತರಗತಿಯ ಎದುರು ನಿಲ್ಲಿಸಿದ್ದರು. ಗಾಡಿ ತೋರಿಸಲು ಬಂದಿದ್ದ ಒಬ್ಬ ಜಮೀನುದಾರರಿಗೆ ನಾನು ಅಭ್ಯಾಸಬಲದಿಂದ "ಸ್ಟಾರ್ಟ್ ಮಾಡಿ ಬುದ್ಧಿ" ಎಂದಿದ್ದೆ. ನಮ್ಮಜ್ಜಿ ಮೇಲಿನ ಬೀದಿಯವರನ್ನು ಕರೆಯುತ್ತಿದ್ದುದೇ ಹಾಗೆ. ಮೇಡಂ ಆ ಗಾಡಿ ಹೋಗುವವರೆಗೆ ಕಾದು, "ಈ ಶೆಡ್ಡಿನೊಳಗೆ ಗಾಡಿ ತಂದವರು ಸಾರ್, ಇಲ್ಲಾ ಮೇಡಂ. ಇನ್ನೊಂದು ಸಲ ಆ ಮಾತು ಕಿವಿಗೆ ಬಿದ್ರೆ ನಿನ್ನ ಕೈಗೆ ಸ್ಕ್ಯಾನರ್ ಕೊಡಲ್ಲ" ಎಂದರು. ನನಗೆ ಅವತ್ತು ಅಳು ಬಂತು. ಎಲ್ಲರೆದುರು ಹೇಳಬೇಕಿತ್ತೇ ಎಂದು ಈಗಲೂ ಅನ್ನಿಸುತ್ತದೆ.

ಆ ಸ್ಕ್ಯಾನರ್ ಅವರ ಪ್ರಾಣ. ತಮ್ಮದೇ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಡುತ್ತಿದ್ದರು. ಈಚಿನ ಗಾಡಿಗಳಲ್ಲಿ ಎಂಜಿನ್ನಿಗೊಂದು ಚಿಕ್ಕ ಕಂಪ್ಯೂಟರ್ ಇರುತ್ತದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರಿನ ಕೇಬಲ್ ಚುಚ್ಚಿದರೆ, ಎಲ್ಲಿ ನೋವು ಎಂದು ಆ ಕಂಪ್ಯೂಟರ್ ಹೇಳುತ್ತದೆ. ಹೊಸ ಗಾಡಿಗಳು ಚುಚ್ಚಿದ ತಕ್ಷಣ ಹೇಳುತ್ತವೆ. ಕಷ್ಟ ಇರುವುದು ಹಳೆಯವುಗಳಲ್ಲಿ. ಅವು ಒಂದೇ ಒಂದು ತಂತಿಯ ಮೇಲೆ, ನಿಧಾನವಾಗಿ ಮಾತಾಡುತ್ತವೆ. ಸುಮ್ಮನಿರುವಾಗ ಆ ತಂತಿಯಲ್ಲಿ ಕರೆಂಟು ಸಣ್ಣಗೆ ನಿಂತಿರುತ್ತದೆ. ಮಾತೆಂದರೆ ಅದು ಏರಿಳಿಯುವುದು. "ಹಳೇ ಗಾಡಿ ಅಂದ್ರೆ ಮನೇಲಿರೋ ಅಜ್ಜಿ ಥರ. ಕೇಳಿಸೋದು ಒಂದೇ ಕಿವಿ. ಆ ಕಿವೀಲಿ ಇನ್ಯಾರೋ ಮಾತಾಡ್ತಿದ್ರೆ ನೀನು ಎಷ್ಟು ಕೂಗಿದ್ರೂ ಇಲ್ಲ" ಎನ್ನುತ್ತಿದ್ದರು ಮೇಡಂ.

ಈ ಮಾತು ನನ್ನನ್ನು ಕಾಪಾಡಿತು. ಹೇಗೆಂದು ಹೇಳುತ್ತೇನೆ.

ಕೊನೆಯ ವರ್ಷದ ಕೊನೆಯ ಪ್ರಾಕ್ಟಿಕಲ್. ನಮ್ಮ ಕೇಂದ್ರದ ಪದ್ಧತಿಯಂತೆ, ಹೊರಗಿನಿಂದ ಬಂದ ನಿಜವಾದ ಗಾಡಿ, ನಿಜವಾದ ತೊಂದರೆ. ಪರೀಕ್ಷಕರೂ ಹೊರಗಿನವರು. ಕಲಿಸಿದವರು ಒಳಗೆ ಬರುವಂತಿಲ್ಲ, ಬಾಯಿ ಬಿಡುವಂತಿಲ್ಲ. ಮೇಡಂ ಶೆಡ್ಡಿನ ಶಟರ್ ಹತ್ತಿರ ಹೊರಗೆ ನಿಂತಿದ್ದರು. ಬಾಯಿ ಮುಚ್ಚಿಕೊಂಡು ನಿಂತ ಮೇಡಂ ಅನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ಬಂದದ್ದು ಒಂದು ಹಳೆಯ ವ್ಯಾನು. ನಂಜನಗೂಡಿನ ಬಾಳೆಹಣ್ಣಿನ ಮಂಡಿ ಯಜಮಾನರೊಬ್ಬರದು. ಒಳಗೆಲ್ಲಾ ರಸಬಾಳೆಯ ವಾಸನೆ. ಹಣೆ ತುಂಬ ವಿಭೂತಿ ಬಳಿದ ಯಜಮಾನರು ತಾವೇ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದರು. ಎಂಜಿನ್ನಿನ ಎಚ್ಚರಿಕೆ ದೀಪ ಆರುತ್ತಿಲ್ಲ, ಲೋಡು ಹಾಕಿದರೆ ಗಾಡಿ ಎಳೆಯುವುದಿಲ್ಲ. ಬೇರೆ ಎರಡು ಕಡೆ ತೋರಿಸಿದ್ದರಂತೆ. ಎಲ್ಲಿಯೂ ಸ್ಕ್ಯಾನರ್ ಕನೆಕ್ಟ್ ಆಗಿಲ್ಲ. ಕಂಪ್ಯೂಟರೇ ಹೋಗಿದೆ, ಬದಲಾಯಿಸಿ ಎಂದು ಕೈ ತೊಳೆದುಕೊಂಡಿದ್ದರು.

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವೂರವ್ವ ನಿಂದು?"

ಹೇಳಿದೆ.

"ಅಲ್ಲಿ ಯಾವ ಕಡೆ? ಮೇಲ್ಗಡೆಯೋ, ಕೆಳ್ಗಡೆಯೋ?"

ನಮ್ಮ ಕಡೆಯವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಊರು ಕೇಳಿದವರು ಬೀದಿ ತಿಳಿಯುವವರೆಗೆ ನಿಲ್ಲುವುದಿಲ್ಲ. "ಕೆಳಗಿನ ಬೀದಿ ಸಾರ್" ಎಂದೆ.

ಅವರ ಮುಖ ಕೆಡಲಿಲ್ಲ, ದನಿಯೂ ಏರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ನಂಜುಂಡೇಶ್ವರನ ಚಿಕ್ಕ ಮಂಟಪವಿತ್ತು. ಅದರ ಮುಂದೆ ಸಣ್ಣ ಕೆಂಪು ದೀಪ, ಪಕ್ಕದಲ್ಲಿ ಬಾಡಿದ ಹೂವು. ಅತ್ತ ಕೈ ತೋರಿಸಿ ಹೇಳಿದರು, "ನೋಡವ್ವ, ಗಾಡಿ ಎಲ್ಲಾ ಮುಟ್ಟು. ಬಾನೆಟ್ ಎತ್ತು, ಸೀಟ್ ಬಿಚ್ಚು, ಬ್ಯಾಡ ಅನ್ನಲ್ಲ. ದೇವರ ತಾವು ಮಾತ್ರ ಕೈ ಇಕ್ಬ್ಯಾಡ."

ಆಯಿತು ಸಾರ್ ಎಂದೆ. ಮತ್ತೆ ಅವರೊಡನೆ ಮಾತು ಬೇಡವೆಂದು ನೇರ ಸ್ಟೇರಿಂಗ್ ಕೆಳಗೆ ತಲೆ ಹಾಕಿದೆ.

ತಪ್ಪಿದ್ದು ಅಲ್ಲೇ. ಮೇಡಂ ಯಾವ ಗಾಡಿಗೂ ಬಂದ ಕೂಡಲೇ ಸ್ಕ್ಯಾನರ್ ಹಾಕಿದವರಲ್ಲ. ಗಾಡಿಯ ಯಜಮಾನನಿಗೆ ಚಹಾ ತರಿಸಿ, ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಗಾಡಿ ಯಾವಾಗ ತಗೊಂಡ್ರಿ, ಯಾರು ಓಡಿಸ್ತಾರೆ, ಕೊನೇಲಿ ಯಾರು ಕೈ ಹಾಕಿದ್ರು, ಏನು ಹೊಸದು ಹಾಕಿಸಿದ್ರಿ. ನಾವು ಅದಕ್ಕೆ 'ಮೇಡಂ ಹರಟೆ ಪೀರಿಯಡ್' ಎಂದು ಹೆಸರಿಟ್ಟಿದ್ದೆವು. "ಗಾಡಿ ಬಾಯಿ ಬಿಡೋದು ಆಮೇಲೆ. ಮೊದಲು ಗಾಡಿಯವನ ಬಾಯಿ ಬಿಡಿಸು" ಎಂಬುದು ಅವರ ಮೊದಲ ಪಾಠ. ಆ ಮೊದಲ ಪಾಠವನ್ನೇ ನಾನು ಹಾರಿಸಿದ್ದೆ.

ಕೇಬಲ್ ಚುಚ್ಚಿದೆ. ಕೀ ತಿರುಗಿಸಿದೆ. ಸ್ಕ್ಯಾನರಿನ ಪರದೆ ಬೆಳಗಿತು. ಅಂದರೆ ಸಾಕೆಟ್ಟಿಗೆ ಕರೆಂಟು ಬರುತ್ತಿದೆ, ಫ್ಯೂಸು ಸರಿ ಇದೆ. ಪರದೆಯ ಮೇಲೆ ಹುಡುಕಾಟದ ಗೆರೆ ಓಡಿತು, ಓಡಿತು, ನಿಂತಿತು. ಗಾಡಿಯೊಂದಿಗೆ ಸಂಪರ್ಕವಿಲ್ಲ.

ಮತ್ತೆ ಹಾಕಿದೆ. ಇಲ್ಲ.

ಪರೀಕ್ಷಕರು ಗಡಿಯಾರ ನೋಡಿಕೊಂಡರು. ಚಿಕ್ಕ ವಯಸ್ಸಿನವರು, ಇಸ್ತ್ರಿ ಅಂಗಿ. ಅವರ ಪೆನ್ನಿನ ತುದಿ ಟಕ್ ಟಕ್ ಎನ್ನುತ್ತಿತ್ತು.

ಸ್ಕ್ಯಾನರ್ ಕೆಟ್ಟಿರಬಹುದೇ? ಮೇಡಂ ಒಂದು ಸಲ ಹೀಗೇ ಒಂದು ಜೀಪನ್ನು ಬೆಳಗಿನಿಂದ ಸಂಜೆಯವರೆಗೆ ಬೈದು, ಬಿಚ್ಚಿ, ಜೋಡಿಸಿ, ಕೊನೆಗೆ ನೋಡಿದರೆ ತಮ್ಮ ಕೇಬಲ್ಲನ್ನೇ ಇಲಿ ಕಡಿದಿತ್ತು. ಮಾರನೇ ದಿನ ಆ ಕೇಬಲ್ ಎತ್ತಿ ಹಿಡಿದು, "ನೋಡಿ, ನಿನ್ನೆ ಇಡೀ ದಿನ ದಡ್ಡಿಯಾಗಿದ್ದೆ ನಾನು. ನೀವು ಹೀಗಾಗಬೇಡಿ. ಮೊದಲು ಚೆನ್ನಾಗಿರೋ ಗಾಡಿಗೆ ಹಾಕಿ ನೋಡಿ" ಎಂದಿದ್ದರು. ನಾನು ಸ್ಕ್ಯಾನರ್ ಕಿತ್ತುಕೊಂಡು ಶೆಡ್ಡಿನ ಮೂಲೆಯಲ್ಲಿದ್ದ ನಮ್ಮ ಕೇಂದ್ರದ ಕಾರಿನ ಕಡೆ ಓಡಿದೆ. "ಎಲ್ಲಮ್ಮ ಹೊರಟ್ರಿ? ನಿಮ್ಮ ಗಾಡಿ ಇಲ್ಲಿದೆ" ಎಂದರು ಪರೀಕ್ಷಕರು. ಉತ್ತರ ಕೊಡಲು ಹೊತ್ತಿರಲಿಲ್ಲ. ಚುಚ್ಚಿದೆ. ತಕ್ಷಣ ಕನೆಕ್ಟ್ ಆಯಿತು. ಸ್ಕ್ಯಾನರ್ ಸರಿ, ಕೇಬಲ್ ಸರಿ. ತೊಂದರೆ ವ್ಯಾನಿನಲ್ಲೇ.

ಮರಳಿ ಬಂದೆ. ಸ್ಕ್ಯಾನರ್ ತಾನಾಗಿ ಗಾಡಿಯ ಭಾಷೆ ಹುಡುಕುವುದನ್ನು ನಿಲ್ಲಿಸಿ, ಪಟ್ಟಿಯಿಂದ ಆ ಹಳೆಯ ಮಾದರಿಯನ್ನು ನಾನೇ ಆರಿಸಿದೆ. ಹಳೆಯ ಗಾಡಿಗೆ ಹೀಗೆ ಮಾಡಿದರೆ ಎಷ್ಟೋ ಸಲ ಬಾಯಿ ಬಿಡುತ್ತದೆ. ಇದು ಬಿಡಲಿಲ್ಲ. ಸಾಕೆಟ್ಟಿನ ಕಾಲುಗಳನ್ನು ಟಾರ್ಚ್ ಬಿಟ್ಟು ನೋಡಿದೆ. ತುಕ್ಕಿಲ್ಲ, ಬಗ್ಗಿಲ್ಲ. ಕಣ್ಣ ಮುಂದೆ ಬಂದದ್ದು ಗೇಟಿನಲ್ಲಿ ನಿಂತ ಗಾರ್ಮೆಂಟ್ಸ್ ಬಸ್ಸು.

ಶಟರ್ ಕಡೆ ನೋಡಿದೆ. ಮೇಡಂ ತಮ್ಮ ಟೆಸ್ಟ್ ಲ್ಯಾಂಪಿನ ವೈರನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ಎರಡು ವೈರು ಕಟ್ಟಿದ ಒಂದು ಪುಟ್ಟ ಬಲ್ಬು ಅದು, ಸದಾ ಅವರ ಜೇಬಿನಲ್ಲಿರುತ್ತಿತ್ತು. ನಾನು ನೋಡಿದ್ದು ಅವರಿಗೆ ತಿಳಿಯಿತು. ತಿಳಿದೂ ತಿಳಿದೂ ಮುಖ ಆಚೆ ತಿರುಗಿಸಿಕೊಂಡು ಅಂಗಳದ ಬೇವಿನ ಮರ ನೋಡತೊಡಗಿದರು. ಇವಳ ಕೈಲಾಗದು ಎಂದು ಅವರೂ ಬಿಟ್ಟುಬಿಟ್ಟರು ಅಂದುಕೊಂಡೆ.

"ಕಂಪ್ಯೂಟರ್ ಹೋಗಿದೆ ಅಂತ ಬರೆದುಕೊಟ್ಟು ಮುಗಿಸ್ತೀರೇನಮ್ಮ?" ಪರೀಕ್ಷಕರು ಕೇಳಿದರು. ಕನಿಕರವೋ, ಬಲೆಯೋ, ಗೊತ್ತಾಗಲಿಲ್ಲ.

"ಇನ್ನೊಂದು ಸಲ ಸಾರ್" ಎಂದು ಮತ್ತೆ ಚುಚ್ಚಿದೆ.

ಅಷ್ಟರಲ್ಲಿ ಯಜಮಾನರು ಕೈ ಮುಗಿದರು. "ನೋಡವ್ವ, ನೋಡು! ನೀನು ಅದನ್ನ ಹಾಕ್ದಾಗೆಲ್ಲಾ ಸ್ವಾಮಿ ದೀಪ ಜೋರಾಯ್ತದೆ. ಅವನೇ ದಾರಿ ತೋರುಸ್ತನೆ ಬುಡು."

ತಲೆ ಎತ್ತಿದೆ. ನಿಜ. ಮಂಕಾಗಿದ್ದ ಆ ಕೆಂಪು ದೀಪ ಸ್ವಲ್ಪ ಹೊಳಪಾಗಿತ್ತು. ನೋಡುತ್ತಿದ್ದಂತೆ ಮಿಣ್ ಮಿಣ್ ಎಂದಿತು. ಪರದೆ ನೋಡಿದೆ, ಹುಡುಕಾಟದ ಗೆರೆ ಓಡುತ್ತಿತ್ತು. ಗೆರೆ ನಿಂತಿತು, ದೀಪ ಮಿಣುಕುವುದೂ ನಿಂತಿತು. ಕೇಬಲ್ ಕಿತ್ತೆ, ದೀಪ ಮತ್ತೆ ಮಂಕಾಯಿತು.

ಸ್ಕ್ಯಾನರ್ ಕಳಿಸುವ ಕರೆಂಟು ಆ ದೀಪಕ್ಕೆ ಹೋಗುತ್ತಿತ್ತು. ಆ ಅಜ್ಜಿಯ ಒಂದೇ ಕಿವಿಯಲ್ಲಿ ಮಾತಾಡುತ್ತಿದ್ದವರು ಯಾರೆಂದು ಗೊತ್ತಾಯಿತು.

ಗೊತ್ತಾದ ಮೇಲೆಯೇ ನಿಜವಾದ ಭಯ ಹತ್ತಿದ್ದು. ಮುಟ್ಟಬೇಡ ಎಂದದ್ದು ಅದೊಂದನ್ನೇ. ಕೆಡುಕು ಇರುವುದೂ ಅಲ್ಲೇ. ವಿಭೂತಿ ಹಚ್ಚಿ ಕೈ ಮುಗಿದು ಕೂತವರಿಗೆ, ನಿಮ್ಮ ದೇವರ ದೀಪವೇ ಗಾಡಿಯ ಬಾಯಿ ಕಟ್ಟಿದೆ ಎಂದು ಕೆಳಗಿನ ಬೀದಿಯ ಹುಡುಗಿ ಹೇಳಬೇಕು. ಅವರು ರೇಗಿ ಗಾಡಿ ತೆಗೆದುಕೊಂಡು ಹೊರಟರೆ ನನ್ನ ಪರೀಕ್ಷೆಯೂ ಅದರ ಹಿಂದೆಯೇ ಹೋಗುತ್ತದೆ. ಹೇಳದಿದ್ದರೂ ಹೋಗುತ್ತದೆ. ನಾಲಿಗೆಯ ತುದಿಗೆ ಅಜ್ಜಿಯ 'ಬುದ್ಧಿ' ಬಂದು ನಿಂತಿತ್ತು. ಅದನ್ನು ನುಂಗಿದೆ.

"ಸಾರ್, ಒಂದು ಕೇಳ್ಲಾ? ಈ ದೀಪ ಯಾವಾಗ ಹಾಕಿಸಿದ್ರಿ?"

"ಅದ್ಯಾಕವ್ವ ಈಗ?"

"ಬಹಳ ಚೆನ್ನಾಗಿದೆ ಸಾರ್. ಯಾರು ಮಾಡಿಕೊಟ್ಟಿದ್ದು?"

ಅವರ ಭುಜ ಸಡಿಲವಾಯಿತು. "ನಮ್ ತಂಗಿ ಮಗ. ಮನೆ ವೈರಿಂಗ್ ಮಾಡ್ತನೆ. ಓದ ಆಯುಧಪೂಜೇಲಿ ಆಕ್ದ. ಬ್ಯಾಟ್ರಿಯಿಂದ ಎಳೆದ್ರೆ ವೈರು ಉದ್ದ ಆಯ್ತದೆ, ಸ್ಟೇರಿಂಗ್ ಕೆಳ್ಗೆ ಒಂದ್ ಸಾಕೆಟ್ಟು ಖಾಲಿ ಬಿದ್ದದೆ ಮಾವ, ಯಾರೂ ಏನೂ ಚುಚ್ತಾ ಇಲ್ಲ, ಸುಮ್ನೆ ದಂಡ ಅಂದ. ಅದ್ರ ಹಿಂದ್ಗಡೆ ಒಂದೊಂದೇ ವೈರು ಮುಟ್ಸಿ ನೋಡ್ದ. ಒಂದ್ರಲ್ಲಿ ಕಣ್ಣಿಗೆ ಒಡ್ಯಂಗೆ ಉರೀತು. ಒಂದ್ರಲ್ಲಿ ಮಂದವಾಗಿ, ನಂದಾದೀಪದಂಗೆ ಉರೀತು. ಇದೇ ಇರ್ಲಿ ಕಣ್ಲಾ, ದೇವ್ರಿಗೆ ಇದೇ ಲಕ್ಷಣ ಅಂದೋನು ನಾನೇ."

ಪರೀಕ್ಷಕರ ಪೆನ್ನಿನ ಸದ್ದು ನಿಂತಿತ್ತು.

"ಸಾರ್, ಅದು ಖಾಲಿ ಸಾಕೆಟ್ಟಲ್ಲ" ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು. "ಗಾಡಿಯ ಕಂಪ್ಯೂಟರ್ ಮಾತಾಡೋ ಜಾಗ. ದೀಪ ಮಂದವಾಗಿ ಉರಿದ ವೈರೇ ಅದರ ಮಾತಿನ ವೈರು. ಆ ಕರೆಂಟೆಲ್ಲಾ ದೀಪ ಕುಡೀತಿದೆ. ಅದಕ್ಕೇ ಯಾರ ಸ್ಕ್ಯಾನರಿಗೂ ಸಿಕ್ತಿಲ್ಲ. ನಿಮ್ಮ ಕಂಪ್ಯೂಟರ್ ಹೋಗಿಲ್ಲ."

ಯಜಮಾನರ ಮುಖ ಬಿಗಿಯಿತು. "ಅಂದ್ರೆ? ದೇವರ ದೀಪ ಆರ್ಸು ಅಂತೀಯಾ?"

ಶಟರ್ ಕಡೆ ನೋಡಬೇಕೆನ್ನಿಸಿತು. ನೋಡಲಿಲ್ಲ.

"ಆರಿಸಲ್ಲ ಸಾರ್. ಬೇರೆ ಕಡೆಯಿಂದ ಹತ್ತಿಸಿಕೊಡ್ತೀನಿ. ದೇವರ ಹತ್ರ ಕೈ ಹಾಕಲ್ಲ, ನನ್ನ ಕೆಲಸ ಎಲ್ಲಾ ಸ್ಟೇರಿಂಗ್ ಕೆಳಗೆ. ವೈರು ಬದಲಾಯಿಸೋ ಹೊತ್ತು ಮಾತ್ರ ದೀಪ ಇರಲ್ಲ. ಅಷ್ಟು ಹೊತ್ತು ನೀವೇ ಸ್ವಾಮಿಗೆ ಬೆಳಕು ಹಿಡ್ಕೊಂಡಿರಿ."

ಅವರು ನನ್ನನ್ನು ನೋಡಿದರು. ಮಂಟಪ ನೋಡಿದರು. ಪರೀಕ್ಷಕರು ಮತ್ತೆ ಗಡಿಯಾರ ನೋಡಿದರು. ಕೊನೆಗೆ ಯಜಮಾನರು ಜೇಬಿನಿಂದ ಮೊಬೈಲ್ ತೆಗೆದು ಅದರ ಟಾರ್ಚ್ ಹಚ್ಚಿ, ಎರಡೂ ಕೈಯಲ್ಲಿ ಆರತಿಯಂತೆ ದೇವರ ಮುಂದೆ ಹಿಡಿದರು. "ಬಿರ್ನೆ ಮಾಡವ್ವ, ಕೈ ನೋಯ್ತದೆ" ಎಂದರು.

ಅಂಗಾತ ಮಲಗಿ ಕೆಳಗೆ ತೂರಿದೆ. ಸಾಕೆಟ್ಟಿನ ಹಿಂದೆ ಕಪ್ಪು ಟೇಪು ಸುತ್ತಿದ ಗಂಟು ಸಿಕ್ಕಿತು. ಬಿಡಿಸಿದೆ. ಮೇಲೆ ದೀಪ ಆರಿದ್ದು ಯಜಮಾನರ 'ಶಿವಾ' ಎಂಬ ಉಸಿರಿನಿಂದ ತಿಳಿಯಿತು. ಮೊದಲು ದೀಪ, ಆಮೇಲೆ ಪರೀಕ್ಷೆ. ಮಾತು ಕೊಟ್ಟಿದ್ದೆ. ಫ್ಯೂಸ್ ಬಾಕ್ಸಿನಿಂದ ಹೊಸ ವೈರು ಎಳೆದು, ನಡುವೆ ಸಣ್ಣ ಫ್ಯೂಸ್ ಇಟ್ಟು, ದೀಪಕ್ಕೆ ಜೋಡಿಸಿ ಟೇಪು ಸುತ್ತಿದೆ. ಮಂಟಪದ ಪಾದದಲ್ಲಿ ದೀಪದ ಒಂದು ಪುಟ್ಟ ಸ್ವಿಚ್ಚಿತ್ತು. ಎದ್ದು ಕೂತು, "ಈಗ ಹಾಕಿ ಸಾರ್" ಎಂದೆ. ನೀನೇ ಹಾಕು ಎನ್ನಬಹುದೆಂದು ಮನಸ್ಸಿನ ಯಾವುದೋ ಮೂಲೆ ಕಾದಿತ್ತು. ಅವರು ಅನ್ನಲಿಲ್ಲ. ತಾವೇ ಹಾಕಿದರು. ದೀಪ ಕೆಂಪಗೆ, ಗಟ್ಟಿಯಾಗಿ ಉರಿಯಿತು.

ಸ್ಕ್ಯಾನರ್ ಚುಚ್ಚಿದೆ. ಗೆರೆ ಓಡಿತು. ಈ ಸಲ ದೀಪ ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಗೆರೆ ಇನ್ನೂ ಓಡುತ್ತಿತ್ತು. ಈಗ ನಿಂತೇಬಿಡುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ.

"ಬಂತಲ್ಲಮ್ಮ" ಎಂದವರು ಪರೀಕ್ಷಕರು.

ಪರದೆಯ ತುಂಬ ಅಕ್ಷರಗಳು. ಗಾಡಿ ಬಾಯಿ ಬಿಟ್ಟಿತ್ತು. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಒಂದು ಸೆನ್ಸರ್ ಕೆಟ್ಟಿದೆ, ಅಷ್ಟೆ. ಇಡೀ ಕಂಪ್ಯೂಟರನ್ನೇ ಬದಲಾಯಿಸಲು ಹೊರಟಿದ್ದ ಯಜಮಾನರು, "ನಮ್ತಂಗಿ ಮಗನ್ನ ಮನೇಗ್ ಓಗಿ ವಿಚಾರುಸ್ಕತೀನಿ" ಎಂದರು. ಆಮೇಲೆ ವ್ಯಾನಿನ ಹಿಂದಿದ್ದ ಗೊನೆಯಿಂದ ಒಂದು ಚಿಪ್ಪು ರಸಬಾಳೆ ಕಿತ್ತು ಬಾನೆಟ್ ಮೇಲಿಟ್ಟರು. ನನ್ನ ಕೈಗೆ ಕೊಡಲಿಲ್ಲ. ಬಾನೆಟ್ ಮೇಲಿಟ್ಟು, "ತಗೋ ಮಗ" ಎಂದರು. ಎರಡನ್ನೂ ಇದ್ದ ಹಾಗೇ ಬರೆಯುತ್ತಿದ್ದೇನೆ.

ಹೊರಗೆ ಬಂದಾಗ ಮೇಡಂ ಬೇವಿನ ಮರದ ಕೆಳಗಿದ್ದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. "ಯಾಕೆ ಮೇಡಂ ಮುಖ ತಿರುಗಿಸಿಕೊಂಡ್ರಿ? ನಾನು ಅಲ್ಲಿ ಸಾಯ್ತಿದ್ದೆ" ಎಂದೆ.

"ನೀನು ಎರಡನೇ ಸಲ ಚುಚ್ಚಿದಾಗಲೇ ದೀಪ ಕುಣಿದಿದ್ದು ಇಲ್ಲಿಂದ ಕಾಣಿಸ್ತು" ಎಂದರು. "ನನ್ನ ಮುಖ ನೋಡಿದ್ರೆ ನಿನಗೆ ಉತ್ತರ ಸಿಕ್ಕಿಬಿಡೋದು. ಆಮೇಲೆ ಆ ಡಿಗ್ರಿ ಯಾರದಾಗೋದು?"

ನಾನು ಸ್ವಿಚ್ಚಿನ ಮಾತು ಹೇಳಿದೆ. ಯಜಮಾನರೇ ಹಾಕಿದರು, ನನಗೆ ಬಿಡಲಿಲ್ಲ ಎಂದೆ. ಮೇಡಂ ಟೆಸ್ಟ್ ಲ್ಯಾಂಪನ್ನು ಜೇಬಿಗಿಟ್ಟುಕೊಂಡರು. "ಅವರ ದೇವರು ಅವರ ಕೈಲಿರಲಿ ಬಿಡು. ಗಾಡಿ ಯಾರ ಕೈಲಿ ಬಾಯಿ ಬಿಡ್ತು?" ಎಂದು ಬಾಳೆಹಣ್ಣಿನ ಚಿಪ್ಪಿನಿಂದ ಒಂದು ಕಿತ್ತು ಸುಲಿದರು. ಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದು ಹೊಗಳಿಕೆಯೇ ಎಂದು ನಾನು ನಂಬಿದ್ದೇನೆ.

ಫಲಿತಾಂಶ ಬಂತು. ನಾನು ನಂಜನಗೂಡಿನಲ್ಲಿ ಕೆಲಸಕ್ಕೆ ಸೇರಿದೆ. ಡಿಗ್ರಿ ಸರ್ಟಿಫಿಕೇಟ್ ಕೇಂದ್ರಕ್ಕೆ ಬಂದಾಗ ರಜೆ ಸಿಗಲಿಲ್ಲ. ಮೇಡಂ ನನ್ನಿಂದ ಒಪ್ಪಿಗೆ ಪತ್ರ ಬರೆಸಿಕೊಂಡು ತಾವೇ ಇಸಿದುಕೊಂಡರು. ಆ ಹೊತ್ತಿಗೆ ಅವರ ನಿವೃತ್ತಿಯೂ ಆಗಿತ್ತು. ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನಿಮ್ಮ ದೊಡ್ಡಪ್ಪ ಮನೇಲಿರೋ ದಿನ ಯಾವುದು?" ಮೊಳೆಯ ಕತೆಯನ್ನು ನಾನು ಎಂದೋ ಒಮ್ಮೆ ಅವರಿಗೆ ಹೇಳಿದ್ದೆ.

ಭಾನುವಾರ ಬಸ್ಸಿಳಿದು ನಮ್ಮ ಬೀದಿಗೆ ಬಂದರು. ಅವತ್ತು ಖಾಕಿ ಅಂಗಿ ಇರಲಿಲ್ಲ, ಒಳ್ಳೆಯ ಸೀರೆ ಉಟ್ಟಿದ್ದರು. ಜಗುಲಿ ಮೇಲೆ ಕೂತವರೇ, "ಮೊದಲು ಒಂದು ಚೊಂಬು ನೀರು ಕೊಡಮ್ಮ" ಎಂದು ಅವ್ವನನ್ನು ಕೇಳಿದರು. ಅವ್ವ ಕೊಡಲೋ ಬೇಡವೋ ಎಂದು ಒಂದು ಗಳಿಗೆ ನಿಂತು, ಆಮೇಲೆ ತಂದಿಟ್ಟಳು. ಮೇಡಂ ಚೊಂಬು ಎತ್ತಿ ಗಟಗಟ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಬೀದಿಯ ಹೆಂಗಸರೆಲ್ಲಾ ಅದನ್ನು ನೋಡುತ್ತಿದ್ದರು.

ದೊಡ್ಡಪ್ಪ ಎದುರು ಕೂರಲಿಲ್ಲ. ಮನೆ ಮುಂದೆ ನಿಲ್ಲಿಸಿದ್ದ ಗಿರಣಿಯ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದರು.

"ಬನ್ನಿ ಯಜಮಾನ್ರೆ, ಹಿಡೀರಿ" ಎಂದು ಮೇಡಂ ಸರ್ಟಿಫಿಕೇಟನ್ನು ನನ್ನ ಕೈಗಲ್ಲ, ಅಪ್ಪನ ಕೈಗೂ ಅಲ್ಲ, ಅವರ ಕಡೆ ಚಾಚಿದರು.

ದೊಡ್ಡಪ್ಪ ಹೆಗಲ ಟವೆಲಿನಲ್ಲಿ ಅಂಗೈ ಒರೆಸಿಕೊಂಡರು, ಮುಂಗೈ ಒರೆಸಿಕೊಂಡರು. ಗ್ರೀಸು ತಾಗದಂತೆ ತುದಿಯಲ್ಲಿ ಹಿಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಂಗ್ಲಿಸ್ನಲ್ಲದೆ. ಏನಂತ ಬರ್ದವ್ರೆ ಮೇಡಮ್ಮೋರೇ?"

"ನೀವು ಅವತ್ತು ಇದೇ ಜಗುಲಿ ಮೇಲೆ ಹೇಳಿದ್ದು ತಪ್ಪು ಅಂತ ಬರೆದವ್ರೆ."

ಅಪ್ಪ ತಲೆ ತಗ್ಗಿಸಿದರು. ಅವ್ವ ಬಾಗಿಲ ಹಿಂದೆ ಸರಿದಳು. ದೊಡ್ಡಪ್ಪನ ಸಿಟ್ಟು ಇಡೀ ಬೀದಿಗೆ ಗೊತ್ತು. ಅವರು ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಟ್ರ್ಯಾಕ್ಟರ್ ಹತ್ತಿರ ಹೋದರು. ಹೊರಟೇಬಿಟ್ಟರು ಅಂದುಕೊಂಡೆ. ಸೀಟಿನ ಕೆಳಗಿನ ಟೂಲ್ ಬಾಕ್ಸ್ ಎಳೆದ ಸದ್ದು. ಕಬ್ಬಿಣದ ಮೇಲೆ ಕಬ್ಬಿಣ ಉರುಳುವ ಸದ್ದು. ಬಹಳ ಹೊತ್ತು ತಡಕಾಡಿದರು. ಮರಳಿ ಬಂದಾಗ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು. ನನ್ನ ಮುಂದೆ ಬಿಚ್ಚಿದರು.

"ಮೊಳೆ ಸಿಕ್ತು ಕಣಮ್ಮಿ. ಯಾವ್ ಗ್ವಾಡೆ, ತೋರ್ಸು."